ಹಿಂಡುವಾಗ ನಡುಗುವ ವಾಷಿಂಗ್ ಮಷಿನ್: ಮೊದಲು ನೆಲ ನೋಡಿ

ಒಗೆಯುವಷ್ಟು ಹೊತ್ತು ತೆಪ್ಪಗಿದ್ದ ವಾಷಿಂಗ್ ಮಷಿನ್ ನೀರು ಹಿಂಡುವ ಹೊತ್ತಿಗೆ ಧಡಧಡನೆ ಬಡಿದುಕೊಂಡು ಜಾಗ ಬಿಟ್ಟು ಸರಿಯತೊಡಗಿದರೆ ಯಂತ್ರವೇ ಕೆಟ್ಟಿತೆಂದು ಗಾಬರಿಯಾಗುವುದು ಸಹಜ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ಯಂತ್ರ ನಿಂತ ನೆಲ, ಅದರ ಕಾಲು, ಒಳಗಿರುವ ಬಟ್ಟೆ ಈ ಮೂರನ್ನು ನೀವೇ ಪರೀಕ್ಷಿಸಿ. ಇದಕ್ಕೆ ಯಂತ್ರವನ್ನು ಬಿಚ್ಚಬೇಕಾಗಿಲ್ಲ. ಒಂದು ಸ್ಪ್ಯಾನರ್, ಒಂದು ಟಾರ್ಚ್, ಎತ್ತಿ ಹಿಡಿಯಲು ಇನ್ನೊಬ್ಬರು ಇದ್ದರೆ ಸಾಕು.

ಈ ನಡುಕವನ್ನು ಹಾಗೆಯೇ ಬಿಡಬಾರದು ಎನ್ನಲು ಬಲವಾದ ಕಾರಣವಿದೆ. ಫ್ರಂಟ್ ಲೋಡ್ ಯಂತ್ರದ ಡ್ರಮ್ ನಿಮಿಷಕ್ಕೆ 1200 ಸುತ್ತು ತಿರುಗುವಾಗ, ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿ ಒಂದು ಕಿಲೋ ಒದ್ದೆ ಬಟ್ಟೆ ಒಂದೇ ಪಕ್ಕದಲ್ಲಿ ಉಳಿದರೆ, ಅದು ಡ್ರಮ್ಮನ್ನು ಸುಮಾರು 400 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಟಾಪ್ ಲೋಡ್ ಯಂತ್ರ 700 ಸುತ್ತಿನಲ್ಲಿ ಹಿಂಡಿದರೂ ಎಳೆತ 130 ಕಿಲೋ ದಾಟುತ್ತದೆ. ಆ ಪೆಟ್ಟನ್ನೆಲ್ಲ ತಿನ್ನುವುದು ಡ್ರಮ್ ಸಲೀಸಾಗಿ ತಿರುಗಲು ಆಧಾರವಾದ ಬೇರಿಂಗ್ ಮತ್ತು ಕುಲುಕಾಟವನ್ನು ಹೀರಿಕೊಳ್ಳುವ ಡ್ಯಾಂಪರ್‌ಗಳು.

ಮೊದಲು ಸದ್ದನ್ನು ಗಮನವಿಟ್ಟು ಕೇಳಿ. ಹಿಂಡುವಾಗ ಮಾತ್ರ ಧಡಧಡ ಎಂದರೆ ಮಟ್ಟ ಅಥವಾ ತೂಕದ ತೊಂದರೆ. ಒಗೆಯುವಾಗಲೂ ಟಣ್ ಟಣ್ ಎಂದರೆ ನಾಣ್ಯವೋ ಗುಂಡಿಯೋ ಸೇರಿಕೊಂಡಿದೆ. ನೀರು ಹೊರಹೋಗುವಾಗ ಗರಗರ ಎಂದರೆ ಪಂಪ್ ನೋಡಬೇಕು. ವೇಗ ಏರಿದಂತೆಲ್ಲ ಮೊರೆತವೂ ಏರುತ್ತ ಹೋದರೆ ಬೇರಿಂಗ್.

ನೆಲ ಮತ್ತು ಕಾಲು

ನಮ್ಮ ಮನೆಗಳಲ್ಲಿ ಯಂತ್ರ ಇರುವುದು ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ ಅಥವಾ ಬಚ್ಚಲಿನಲ್ಲಿ. ನೀರು ಮೋರಿಯತ್ತ ಹರಿಯಲೆಂದು ಗಾರೆಯವರು ಅಲ್ಲಿನ ನೆಲವನ್ನು ಬೇಕೆಂದೇ ಇಳಿಜಾರು ಮಾಡಿರುತ್ತಾರೆ. ಅಂಥ ಕಡೆ ಯಂತ್ರವನ್ನು ತಂದಿಟ್ಟು, ಕಾಲುಗಳನ್ನು ಹೊಂದಿಸದೆ ನಲ್ಲಿ ಜೋಡಿಸಿ ಹೋಗುವವರೇ ಹೆಚ್ಚು.

ಪ್ಲಗ್ ಕಿತ್ತು, ನಲ್ಲಿ ಮುಚ್ಚಿ. ಯಂತ್ರದ ಮೇಲೆ ಎದುರುಬದುರು ಮೂಲೆಗಳಿಗೆ ಅಂಗೈ ಇಟ್ಟು ಒಂದಾದ ಮೇಲೊಂದು ಒತ್ತಿ. ಬಳಿಕ ಉಳಿದೆರಡು ಮೂಲೆಗಳಿಗೂ ಹಾಗೆಯೇ ಮಾಡಿ. ಎಲ್ಲಿ ಟಕ್ ಎಂದು ಅಲುಗಿತೋ ಅಲ್ಲಿನ ಕಾಲು ನೆಲಕ್ಕೆ ತಾಗಿಲ್ಲ. ಈಗ ಮಟ್ಟ ನೋಡಿ. ಗಾರೆಯವರ ಬಳಿ ಇರುವ ರಸಮಟ್ಟ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಮೊಬೈಲ್‌ನಲ್ಲಿರುವ ಮಟ್ಟ ತೋರಿಸುವ ಆ್ಯಪ್ ಸಾಕು. ಮುಂದಿನಿಂದ ಹಿಂದಕ್ಕೆ ಒಮ್ಮೆ, ಎಡದಿಂದ ಬಲಕ್ಕೆ ಒಮ್ಮೆ ನೋಡಬೇಕು.

ಕಾಲಿನ ಮೇಲ್ಭಾಗದಲ್ಲಿ, ಯಂತ್ರದ ತಳಕ್ಕೆ ಅಂಟಿಕೊಂಡಂತೆ ಒಂದು ನಟ್ ಇರುತ್ತದೆ. ಅದು ಲಾಕ್ ನಟ್. ಇನ್ನೊಬ್ಬರು ಯಂತ್ರವನ್ನು ಒಂದಿಷ್ಟು ವಾಲಿಸಿ ಹಿಡಿದಿರಲಿ, ನೀವು ಆ ನಟ್ಟನ್ನು ಸ್ಪ್ಯಾನರ್‌ನಿಂದ ಸಡಿಲಿಸಿ ಕೆಳಗಿಳಿಸಿ, ಕಾಲನ್ನು ಕೈಯಿಂದ ತಿರುಗಿಸಿ. ಎಲ್ಲ ಕಾಲುಗಳನ್ನೂ ಪೂರ್ತಿ ಒಳಕ್ಕೆ ತಿರುಗಿಸಿಕೊಂಡು, ತಗ್ಗಿನಲ್ಲಿರುವುದನ್ನು ಮಾತ್ರ ಬೇಕಾದಷ್ಟು ಹೊರತೆಗೆಯುವುದು ಸರಿಯಾದ ಕ್ರಮ. ಉದ್ದ ಹೊರಬಂದ ಕಾಲಿಗೆ ತ್ರಾಣ ಕಡಿಮೆ. ಮಟ್ಟ ಸರಿಯಾದ ಮೇಲೆ ಲಾಕ್ ನಟ್ಟನ್ನು ಮತ್ತೆ ಮೇಲಕ್ಕೆ ತಂದು ತಳಕ್ಕೆ ಬಿಗಿಯಾಗಿ ಕಚ್ಚಿಸಿ. ಈ ಕೊನೆಯ ಕೆಲಸವನ್ನು ಮರೆತರೆ ಕಂಪನಕ್ಕೆ ಕಾಲು ತಾನಾಗಿಯೇ ತಿರುಗಿ, ಕೆಲವೇ ವಾರಗಳಲ್ಲಿ ಧಡಧಡ ಮರಳಿ ಬರುತ್ತದೆ. ಕಾಲಿನ ಕೆಳಗೆ ರಟ್ಟು, ಮಡಚಿದ ಗೋಣಿತಟ್ಟು ಇಡಬೇಡಿ. ನೀರು ಬಿದ್ದರೆ ಅವು ಕುಸಿಯುತ್ತವೆ. ಅಡಿಯಲ್ಲಿ ಟೊಳ್ಳು ಸದ್ದು ಕೊಡುವ ಟೈಲ್ ಇದ್ದರೆ ಯಂತ್ರವನ್ನೇ ಪಕ್ಕಕ್ಕೆ ಸರಿಸಿ.

ಚಕ್ರವಿರುವ ಪ್ಲಾಸ್ಟಿಕ್ ಸ್ಟ್ಯಾಂಡ್ ಬಗ್ಗೆ ನನ್ನ ಅಭಿಪ್ರಾಯ ಖಂಡಿತವಾದದ್ದು: ಹಿಂಡುವಾಗ ನಡುಗುವ ಯಂತ್ರವನ್ನು ಅದರ ಮೇಲೆ ಇಡಬೇಡಿ. ಕಾಲು ಎಷ್ಟೇ ಹೊಂದಿಸಿದರೂ ಸ್ಟ್ಯಾಂಡೇ ಬಾಗುತ್ತದೆ. ನೆಲದ ನೀರಿಗೆ ಹೆದರಿ ಎತ್ತರದಲ್ಲಿ ಇಡಲೇಬೇಕೆಂದಿದ್ದರೆ ಸಿಮೆಂಟಿನ ಗಟ್ಟಿ ಕಟ್ಟೆ ಕಟ್ಟಿಸಿ.

ಹೊಸ ಯಂತ್ರ, ಹೊಸ ಮನೆ

ಫ್ರಂಟ್ ಲೋಡ್ ಯಂತ್ರದ ಹಿಂಬದಿಯಲ್ಲಿ ಸಾಗಣೆಗೆಂದು ಹಾಕಿದ ಉದ್ದನೆಯ ಬೋಲ್ಟ್‌ಗಳಿರುತ್ತವೆ, ಸಾಮಾನ್ಯವಾಗಿ ನಾಲ್ಕು. ಲಾರಿಯಲ್ಲಿ ಡ್ರಮ್ ಕುಲುಕದಂತೆ ಅವು ಬಿಗಿಹಿಡಿದಿರುತ್ತವೆ. ತೆಗೆಯದೆ ಚಾಲೂ ಮಾಡಿದರೆ ಇಡೀ ಯಂತ್ರ ಹಾರುತ್ತದೆ. ಹೊಸ ಯಂತ್ರ ಮೊದಲ ದಿನವೇ ಅಬ್ಬರಿಸಿದರೆ ಹಿಂಬದಿ ನೋಡಿ. ತೆಗೆದ ಬೋಲ್ಟ್‌ಗಳನ್ನು ಎಸೆಯದೆ ಬಿಲ್ಲಿನ ಜೊತೆ ಜೋಪಾನವಾಗಿಡಿ. ಬಾಡಿಗೆ ಮನೆ ಬದಲಿಸುವಾಗ ಇವನ್ನು ಹಾಕದೆ ಯಂತ್ರವನ್ನು ಸಾಗಿಸಿದರೆ ಡ್ಯಾಂಪರ್‌ಗಳಿಗೆ ಪೆಟ್ಟು ಬೀಳಬಹುದು.

ಬಟ್ಟೆ ಹಾಕುವ ರೀತಿ

ಒಂದೇ ಒಂದು ರಗ್ಗು, ಒಂದೇ ಒಂದು ಜೀನ್ಸ್, ಒಂದು ದಪ್ಪ ಕಾಲೊರೆಸು: ಹೀಗೆ ಒಂಟಿಯಾಗಿ ಹಾಕಿದರೆ ಯಂತ್ರಕ್ಕೆ ಸಮತೂಕ ಸಿಗುವುದಿಲ್ಲ. ಜೊತೆಗೆ ಟವೆಲ್, ಪಂಚೆಗಳನ್ನು ಸೇರಿಸಿ. ಬೆಡ್‌ಶೀಟಿನ ಒಳಗೆ ಉಳಿದ ಬಟ್ಟೆಯೆಲ್ಲ ಸುತ್ತಿಕೊಂಡು ಉಂಡೆಯಾಗಿದ್ದರೆ ಯಂತ್ರ ನಿಲ್ಲಿಸಿ, ಬಿಡಿಸಿ, ಹರಡಿ ಮತ್ತೆ ಹಿಂಡಲು ಬಿಡಿ. ಎಲ್‌ಜಿ ಯಂತ್ರಗಳಲ್ಲಿ ‘ಯುಇ’, ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ ‘ಯುಬಿ’ ಎಂಬ ಅಕ್ಷರ ಮೂಡುವುದು ಇದಕ್ಕೇ.

ಮಳೆಗಾಲದಲ್ಲಿ ಒಂದು ಎಚ್ಚರಿಕೆ. ರೇನ್‌ಕೋಟ್, ಬೈಕ್ ಹೊದಿಕೆಯಂಥ ನೀರು ಇಳಿಯದ ಬಟ್ಟೆಯನ್ನು ಯಂತ್ರದಲ್ಲಿ ಹಿಂಡಲೇಬೇಡಿ. ಅದರ ಮಡಿಕೆಯಲ್ಲಿ ಸಿಕ್ಕ ನೀರು ಹೊರಹೋಗಲಾರದೆ ಒಂದೇ ಕಡೆ ನಿಂತು, ಇದ್ದಕ್ಕಿದ್ದಂತೆ ಯಂತ್ರ ಎಗರುತ್ತದೆ.

ಸೆಮಿ ಆಟೊಮ್ಯಾಟಿಕ್ ಯಂತ್ರವಾದರೆ ಹಿಂಡುವ ತೊಟ್ಟಿಯಲ್ಲಿ ಬಟ್ಟೆಯನ್ನು ಸುತ್ತಲೂ ಸಮನಾಗಿ ಅದುಮಿ, ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಬಿಲ್ಲೆಯನ್ನು ಒತ್ತಿ ಕೂರಿಸಿ. ಆ ಬಿಲ್ಲೆ ಕಳೆದುಹೋಗಿದ್ದರೆ ಹೊಸದನ್ನು ತನ್ನಿ, ಅದಿಲ್ಲದಿದ್ದರೆ ಕರವಸ್ತ್ರ, ಕಾಲುಚೀಲಗಳು ಎಗರಿ ತೊಟ್ಟಿಯ ಸಂದಿಗೆ ಬಿದ್ದು ಅಡಿಯ ಶಾಫ್ಟಿಗೆ ಸುತ್ತಿಕೊಳ್ಳುತ್ತವೆ.

ಟಣ್ ಟಣ್ ಸದ್ದಿಗೆ

ಫ್ರಂಟ್ ಲೋಡ್‌ನಲ್ಲಿ ಮುಂಭಾಗದ ಕೆಳಮೂಲೆಯ ಸಣ್ಣ ಮುಚ್ಚಳ ತೆರೆದರೆ ಪಂಪಿನ ಫಿಲ್ಟರ್ ಕಾಣುತ್ತದೆ. ನೀರು ತಣ್ಣಗಾದ ಮೇಲೆ, ಅಡಿಗೆ ತಗ್ಗಿನ ತಟ್ಟೆಯಿಟ್ಟು ನಿಧಾನವಾಗಿ ತಿರುಗಿಸಿ. ನಾಣ್ಯ, ಹೇರ್‌ಪಿನ್, ಕೂದಲಿನ ಮುದ್ದೆ ಸಿಗಬಹುದು. ಬಾಗಿಲ ಸುತ್ತಿನ ರಬ್ಬರಿನ ಮಡಿಕೆಯನ್ನೂ ಬೆರಳಿನಿಂದ ಬಿಡಿಸಿ ನೋಡಿ.

ಇಷ್ಟಾದ ಮೇಲೂ ಸದ್ದು ನಿಲ್ಲದಿದ್ದರೆ

ಪ್ಲಗ್ ಕಿತ್ತಿರುವಾಗ ಖಾಲಿ ಡ್ರಮ್ಮನ್ನು ಕೆಳಕ್ಕೆ ಒತ್ತಿ ಬಿಟ್ಟುಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ತೊಟ್ಟಿಲಿನಂತೆ ತೂಗಾಡುತ್ತಲೇ ಇದ್ದರೆ ಟಾಪ್ ಲೋಡ್‌ನಲ್ಲಿ ತೊಟ್ಟಿಯನ್ನು ನೇತುಹಾಕಿರುವ ನಾಲ್ಕು ಸಸ್ಪೆನ್ಷನ್ ರಾಡ್‌ಗಳು, ಫ್ರಂಟ್ ಲೋಡ್‌ನಲ್ಲಿ ಅಡಿಯ ಡ್ಯಾಂಪರ್‌ಗಳು ಸೋತಿವೆ. ರಾಡ್ ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಹಳತು ಹೊಸತು ಬೆರೆತರೆ ತೊಟ್ಟಿ ವಾಲುತ್ತದೆ. ಫ್ರಂಟ್ ಲೋಡ್ ಬಾಗಿಲು ತೆರೆದು ಡ್ರಮ್ಮಿನ ಅಂಚನ್ನು ಮೇಲಕ್ಕೆತ್ತಿ ನೋಡಿ. ಹೊರತೊಟ್ಟಿ ಅಲುಗದೆ ಡ್ರಮ್ ಮಾತ್ರ ಗಡಗಡ ಆಡಿದರೆ, ಕೈಯಿಂದ ತಿರುಗಿಸಿದಾಗ ಮರಳು ಅರೆದಂಥ ಸದ್ದು ಬಂದರೆ ಬೇರಿಂಗ್ ಸವೆದಿದೆ.

ಈ ರಿಪೇರಿಗಳು ಮೆಕ್ಯಾನಿಕ್ ಕೆಲಸ. ಹಿಂದಿನ ತಗಡು ಬಿಚ್ಚಿ ಮೋಟಾರ್, ವೈರುಗಳಿಗೆ ಕೈ ಹಾಕಬೇಡಿ. ನೀವು ಏನೇನು ನೋಡಿದಿರಿ, ಸದ್ದು ಯಾವ ಹಂತದಲ್ಲಿ ಬರುತ್ತದೆ ಎಂದು ಅವರಿಗೆ ವಿವರವಾಗಿ ಹೇಳಿ, ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕಳುಹಿಸಿದರೆ ಇನ್ನೂ ಅನುಕೂಲ. ಬೇರಿಂಗ್ ಬದಲಿಸುವಾಗ ಆಯಿಲ್ ಸೀಲನ್ನೂ ಹೊಸದಾಗಿ ಹಾಕಿಸಿಕೊಳ್ಳಿ, ಸೀಲ್ ಹಳೆಯದಾದರೆ ನೀರು ಇಳಿದು ಹೊಸ ಬೇರಿಂಗ್‌ಗೂ ತುಕ್ಕು ಹಿಡಿಯುತ್ತದೆ. ಕೆಲವು ಮಾದರಿಗಳಲ್ಲಿ ಹೊರತೊಟ್ಟಿಯನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ಅಂಥದ್ದಾದರೆ ಇಡೀ ತೊಟ್ಟಿಯನ್ನೇ ಬದಲಿಸಬೇಕಾಗಬಹುದು. ಆದ್ದರಿಂದ ಬಿಚ್ಚುವ ಮೊದಲೇ ಒಟ್ಟು ಖರ್ಚು ಕೇಳಿಕೊಳ್ಳಿ.