ತಾಯಿಯ ವಯಸ್ಸು ಸಸಿಗೂ: ಮಲಪ್ರಭೆಯ ದಂಡೆಗೆ ನಾನು ಬಿದಿರು ಹಚ್ಚಿದ ಅನುಭವ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ನಮ್ಮ ಹೊಲದ ದಂಡೆಯನ್ನು ನಾಲ್ಕು ಗುಂಟೆಯಷ್ಟು ಕಿತ್ತುಕೊಂಡು ಹೋಯಿತು. ಖಾನಾಪುರ ದಾಟಿ ಎಂ.ಕೆ. ಹುಬ್ಬಳ್ಳಿ ಕಡೆಗೆ ಹೊಳೆ ಹರಿಯುವ ದಾರಿಯಲ್ಲಿ ನಮ್ಮ ಹೊಲ ಇದೆ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಕೊನೆಯ ಸಾಲಿನ ಕಬ್ಬು ಬೇರು ಹೊರಗೆ ಬಿಟ್ಟುಕೊಂಡು ಹೊಳೆಗೆ ನೇತಾಡುತ್ತಿತ್ತು. ಪಕ್ಕದ ಹೊಲದಲ್ಲಿ ಹಳೇ ಬಿದಿರು ಮೆಳೆ ಇದ್ದಷ್ಟು ಜಾಗ ಮಾತ್ರ ಹಾಗೇ ನಿಂತಿತ್ತು. ನಾವೂ ಬಿದಿರು ಹಚ್ಚೋಣ ಅಂತ ಅವತ್ತೇ ತೀರ್ಮಾನ ಮಾಡಿದೆ.

ಮರುವರ್ಷ ಮಳೆಗಾಲದ ಮುಂಚೆ ಸೋದರಮಾವನ ಹೊಲದ ಮುಳ್ಳು ಬಿದಿರಿನ ಮೆಳೆಯಿಂದ ಗಡ್ಡೆ ತಂದೆ. ವರ್ಷದ ಗಳವನ್ನು ಗಡ್ಡೆ ಸಮೇತ ಅಗೆದು, ಮೇಲೆ ಮೂರ್ನಾಲ್ಕು ಗೆಣ್ಣು ಬಿಟ್ಟು ಕತ್ತರಿಸಿ, ಒದ್ದೆ ಗೋಣಿಚೀಲ ಸುತ್ತಿ ತಂದದ್ದು. 24ರಲ್ಲಿ 19 ಚಿಗುರಿದವು. ಮೂರು ಮಳೆಗಾಲ ಚೆನ್ನಾಗಿ ಬೆಳೆದವು. ಬಹಳ ಖುಷಿಯಾಗಿತ್ತು.

ನಾಲ್ಕನೇ ಚಳಿಗಾಲದಲ್ಲಿ ಎಲೆ ಉದುರತೊಡಗಿತು. ಕೊಂಬೆಯ ತುದಿಯಲ್ಲಿ ಸಣ್ಣ ಸಣ್ಣ ಗೊಂಚಲು. ಕೈಯಲ್ಲಿ ಹಿಡಿದರೆ ಒಣಗಿದ ಭತ್ತದ ತೆನೆ ಹಿಡಿದಂತೆ ಚುಚ್ಚುತ್ತಿತ್ತು. ರೋಗ ಅಂದುಕೊಂಡು ಔಷಧಿ ತರಲು ಹೊರಟಿದ್ದೆ. ಬುಟ್ಟಿ ಹೆಣೆಯಲು ಗಳ ಕೇಳಿಕೊಂಡು ಬಂದಿದ್ದ ಮೇದಾರ ಅಜ್ಜ ತಡೆದರು. “ತಮ್ಮಾ, ಇದು ರೋಗ ಅಲ್ಲ, ಹೂವು. ಎಲ್ಲಾ ಒಂದ ತಾಯಿ ಮಕ್ಕಳು ಅದಾವು. ಅವ್ವ ಹೋದ್ರ ಇವೂ ಹೋಗ್ತಾವು” ಅಂದರು. ಮಾವನಿಗೆ ಫೋನ್ ಮಾಡಿದೆ. ಅಲ್ಲಿನ ಮೆಳೆಯೂ ಹೂಬಿಟ್ಟಿತ್ತು.

ಮುಳ್ಳು ಬಿದಿರು ಹೂಬಿಡುವುದು ಸಾಮಾನ್ಯವಾಗಿ ನಲವತ್ತು ವರ್ಷ ಕಳೆದ ಮೇಲೆ, ಅದೂ ಜೀವಮಾನದಲ್ಲಿ ಒಂದೇ ಸಲ. ಬೀಜ ಕಟ್ಟಿ ಸಾಯುತ್ತದೆ. ಗಡ್ಡೆಯಿಂದ ಮಾಡಿದ ಸಸಿ ನಮ್ಮ ಕಣ್ಣಿಗೆ ಚಿಕ್ಕದು, ಆದರೆ ಅದಕ್ಕೆ ತಾಯಿಯ ವಯಸ್ಸೇ ಇರುತ್ತದೆ. ಇದು ಗೊತ್ತಿಲ್ಲದೆ ಇಡೀ ದಂಡೆಯನ್ನು ಒಂದೇ ಮೆಳೆಯ ಮೇಲೆ ನಂಬಿಬಿಟ್ಟಿದ್ದೆ. 19ಕ್ಕೆ 19 ಒಣಗಿದವು. ಆ ದಿನಗಳಲ್ಲಿ ಹೊಳೆಯ ಕಡೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ.

ಬಿದಿರು ಹೂಬಿಟ್ಟರೆ ಬರ ಬರುತ್ತದೆ ಅಂತ ಹಿರಿಯರು ಹೆದರುತ್ತಾರೆ. ಸುಮ್ನೆ ಹೇಳಿದ ಮಾತಲ್ಲ ಅದು. ಬೀಜ ತಿಂದು ಇಲಿ ಹೆಚ್ಚುತ್ತವೆ, ಅದು ಮುಗಿದ ಮೇಲೆ ಬೆಳೆಗೆ ಬೀಳುತ್ತವೆ. ಮಾವನ ಹೊಲದಲ್ಲಿ ಇಲಿಗಿಂತ ಮುಂಚೆ ನಾವು ಬೀಜ ಆರಿಸಬೇಕಿತ್ತು. ಮೆಳೆಯ ಕೆಳಗೆ ಕಸ ಗುಡಿಸಿ, ತಾಡಪತ್ರಿ ಹಾಸಿ, ದಿನಾ ಬೆಳಿಗ್ಗೆ ಗುಡಿಸಿಕೊಂಡು ಮೊರದಲ್ಲಿ ಕೇರಿದೆವು. ಅಕ್ಕಪಕ್ಕ ಹೂಬಿಟ್ಟಿದ್ದ ಇನ್ನೂ ಮೂರು ಮೆಳೆಗಳ ಬೀಜವನ್ನೂ ಬೇರೆ ಬೇರೆ ಚೀಲದಲ್ಲಿ ಇಟ್ಟೆವು. ಬೀಜದಿಂದ ಹುಟ್ಟಿದ ಸಸಿಯ ಆಯಸ್ಸು ಹೊಸದಾಗಿ ಶುರುವಾಗುತ್ತದೆ. ಆದರೆ ಬೀಜ ಜಾಸ್ತಿ ದಿನ ಇಟ್ಟರೆ ಮೊಳೆಯುವುದಿಲ್ಲ, ತಾಜಾ ಇದ್ದಾಗಲೇ ಬಿತ್ತಬೇಕು. ಮೊದಲು ಹುಲ್ಲಿನಂತೆಯೇ ಕಾಣುತ್ತದೆ. ನಮ್ಮ ಮಡಿಯಲ್ಲಿ ಕಳೆ ಅಂತ ಒಂದು ಸಾಲು ಕಿತ್ತೇಬಿಟ್ಟಿದ್ದರು.

ಈ ಸಲ ಒಂದೇ ಜಾತಿ ಹಚ್ಚಲಿಲ್ಲ. ಬಿದಿರಿನ ಬೇರು ಮೇಲ್ಮಣ್ಣನ್ನು ಬಲೆಯಂತೆ ಹಿಡಿಯುತ್ತದೆ, ತೀರಾ ಆಳಕ್ಕೆ ಇಳಿಯುವುದಿಲ್ಲ. ನೀರು ಬುಡ ಕೊರೆದರೆ ಭಾರಕ್ಕೆ ಮೆಳೆಯೇ ಬೀಳುತ್ತದೆ. ಅದಕ್ಕೇ ಕೆಳ ಅಂಚಿಗೆ ಲಾವಂಚ ಮತ್ತು ಹೊಳೆಮತ್ತಿ. ಅದರ ಮೇಲೆ ನಮ್ಮ ಕಡೆಯ ಮಾರಿಹಾಳ ಬಿದಿರು. ಇದಕ್ಕೆ ಮುಳ್ಳಿಲ್ಲ, ಗಳ ಗಟ್ಟಿ. ಕೊಂಕಣದ ಕಡೆ ಇದನ್ನೇ ಮೇಸ ಅನ್ನುತ್ತಾರೆ. ಇದು ಬೀಜ ಕಟ್ಟುವುದು ಅಪರೂಪ. ಗಡ್ಡೆ ಅಥವಾ ಕಡ್ಡಿಯಿಂದಲೇ ಬೆಳೆಸಬೇಕು, ಹಾಗಾಗಿ ಐದು ಊರು ತಿರುಗಿ ಐದು ಮೆಳೆಯಿಂದ ತಂದೆ. ದಂಡೆಯ ತಲೆಯ ಮೇಲೆ, ಐದೈದು ಮೀಟರ್ ಬಿಟ್ಟು, ಬೀಜದ ಮುಳ್ಳು ಬಿದಿರು. ನಡುವೆ ಒಂದಿಷ್ಟು ಕಿರುಬಿದಿರು.

2017ರಲ್ಲಿ ಕೇಂದ್ರದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದಾಗಿನಿಂದ ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಕಾಯ್ದೆ ಮರ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ರೈತರಿಗೆ ಇದು ದೊಡ್ಡ ಅನುಕೂಲ. ಮಾರಿಹಾಳ ಬಲಿತ ಮೇಲೆ ಮೂರು ವರ್ಷ ದಾಟಿದ ಗಳ ಮಾತ್ರ, ಮಳೆಗಾಲ ಮುಗಿದ ಮೇಲೆ ಕಡಿದು ಅಜ್ಜನಿಗೆ ಕೊಡುವ ಮಾತಾಗಿದೆ. ಕಳಲೆ ಏಳುವ ಕಾಲದಲ್ಲಿ ಯಾರೂ ಕೊಡಲಿ ಹಿಡಿದು ಬರಬಾರದು.

ಯಾವ ಗುಣಿಗೆ ಯಾವ ಊರಿನ, ಯಾವ ಮೆಳೆಯ ಸಸಿ ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಹೂವು ಬರುವ ಹೊತ್ತಿಗೆ ನಾನು ಇರುವುದಿಲ್ಲ. ಆ ನೋಟ್‌ಬುಕ್ ಎಲ್ಲಿದೆ ಅಂತ ಮಗಳಿಗೆ ತೋರಿಸಿದ್ದೇನೆ.