ಬೇಣದಲ್ಲಿ ಮೇಯುವ ಕಡಸಿಗೆ ಹಿಂಡಿ: ಯಾವಾಗ, ಎಷ್ಟು?

ಭತ್ತದ ಕೊಯ್ಲು ಮುಗಿಯಿತು ಅಂದರೆ ಮಲೆನಾಡಿನ ಕಡಸುಗಳಿಗೆ, ಅಂದರೆ ಇನ್ನೂ ಕರು ಹಾಕದ ಎಳೆ ಹಸುಗಳಿಗೆ, ಗದ್ದೆಬಯಲು, ಬೇಣದ ಹುಲ್ಲುಗಾವಲು ಎಲ್ಲವೂ ತಮ್ಮದೇ. ದಿನವಿಡೀ ಮೇಯ್ದು ಸಂಜೆ ಹೊಟ್ಟೆ ಉಬ್ಬಿಸಿಕೊಂಡೇ ಬರುತ್ತವೆ. ಆದರೂ ಸಂಕ್ರಾಂತಿ ಹೊತ್ತಿಗೆ ಪಕ್ಕೆಲುಬು ಎಣಿಸಬಹುದು!

ಚಳಿಗಾಲದ ಹುಲ್ಲು ಬಲಿತು ನಾರಾಗಿರುತ್ತದೆ. ನಾರನ್ನು ಕರಗಿಸುವುದು ದನದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ಮೇವಿನಲ್ಲಿ ಪ್ರೋಟೀನ್ ಸುಮಾರು ಶೇ 7ಕ್ಕಿಂತ ಕಡಿಮೆಯಾದರೆ ಅವು ಸೊರಗುತ್ತವೆ. ತಿಂದದ್ದು ಕರಗದೆ ಕೂರುತ್ತದೆ, ಕಡಸು ಮತ್ತೆ ಮೇಯುವುದೂ ಕಮ್ಮಿ. ಇಲ್ಲಿ ಬೇಕಿರುವುದು ಪ್ರೋಟೀನ್ ತುಂಬಿದ ಹಿಂಡಿ, ಅಂದರೆ ಕಾಳಿನ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ. ಕಲಗಚ್ಚಿಗೆ ಅಕ್ಕಿನುಚ್ಚು, ಹಿಟ್ಟು ಜಾಸ್ತಿ ಸುರಿದರೆ ನಾರು ಕರಗುವುದು ಇನ್ನೂ ತಗ್ಗುತ್ತದೆ. ದುಡ್ಡು ಕೊಟ್ಟು ಮೇವು ಕೆಡಿಸಿದ ಹಾಗೆ, ಅಲ್ವಾ?

ಮೊದಲು ತೂಕ ನೋಡಿ. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಬರೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 50, ಉದ್ದ 44 ಇದ್ದರೆ ತೂಕ ಸುಮಾರು 167 ಕಿಲೋ. ತಿಂಗಳಿಗೊಮ್ಮೆ ಹೀಗೆ ಅಳೆದು ಕ್ಯಾಲೆಂಡರ್ ಮೇಲೆ ಬರೆಯಿರಿ. ಕಣ್ಣಳತೆ ನಂಬಬೇಡಿ, ದಿನಾ ನೋಡುವ ಕಣ್ಣಿಗೆ ಇಳಿಕೆ ಗೊತ್ತಾಗುವುದಿಲ್ಲ.

ಈ ತೂಕದ ಮಿಶ್ರತಳಿ ಕಡಸಿಗೆ ದಿನಕ್ಕೆ ಅರ್ಧ ಕಿಲೋ ಶೇಂಗಾ ಹಿಂಡಿ ಅಥವಾ ಹತ್ತಿಕಾಳು ಹಿಂಡಿಯಿಂದ ಶುರು ಮಾಡಬಹುದು. ಮಲೆನಾಡು ಗಿಡ್ಡ ಚಿಕ್ಕ ಮೈಯ ತಳಿ, ಅದಕ್ಕೆ ಕಾಲು ಕಿಲೋ ಸಾಕು. ಗಿಡ್ಡವನ್ನು ಮಿಶ್ರತಳಿಯ ಲೆಕ್ಕದಲ್ಲಿ ತಿನ್ನಿಸುವುದು ಸುಮ್ನೆ ಖರ್ಚು. ಒಂದೇ ದಿನಕ್ಕೆ ಪೂರ್ತಿ ಹಾಕಬೇಡಿ. ಒಂದು ಹಿಡಿಯಿಂದ ಶುರು ಮಾಡಿ, ವಾರ ಹತ್ತು ದಿನದಲ್ಲಿ ಏರಿಸಿ.

ಕೊಡುವ ಹೊತ್ತು ಸಂಜೆ, ಕೊಟ್ಟಿಗೆಗೆ ಬಂದ ಮೇಲೆ. ಬೆಳಗ್ಗೆ ರುಚಿ ತೋರಿಸಿದರೆ ಬೇಣಕ್ಕೆ ಹೋಗುವ ಬದಲು ಅಂಗಳದಲ್ಲೇ ನಿಂತು ಕೂಗುತ್ತವೆ. ಕಡಸನ್ನು ದೊಡ್ಡ ಹಸುಗಳಿಂದ ಬೇರೆ ಕಟ್ಟಿ. ಇಲ್ಲದಿದ್ದರೆ ಹಿಂಡಿ ಯಾರ ಹೊಟ್ಟೆಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ.

ಹಿಂಡಿ ಮೂಟೆಯನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ನಮ್ಮ ತೇವಕ್ಕೆ ಶೇಂಗಾ ಹಿಂಡಿ ಬಲು ಬೇಗ ಬೂಸಲು ಹಿಡಿಯುತ್ತದೆ. ಆ ಬೂಸಲಿನ ವಿಷ ಲಿವರ್ ಕೆಡಿಸುತ್ತದೆ. ಬಿಸಿಲಿಗೆ ಹಾಕಿ ಕೊಡವಿದರೆ ಬಣ್ಣ ಹೋಗಬಹುದು, ವಿಷ ಹೋಗುವುದಿಲ್ಲ. ಬೂಸಲು ಹಿಡಿದ ಹಿಂಡಿ ತಿಪ್ಪೆಗೂ ಬೇಡ, ಕೋಳಿಗಳು ಕೆದಕುತ್ತವೆ. ಹೂತುಬಿಡಿ.

ಕಡಸು ಮೂಳೆ ಕಚ್ಚುತ್ತಿದ್ದರೆ, ಮಣ್ಣು ನೆಕ್ಕುತ್ತಿದ್ದರೆ ರಂಜಕದ ಕೊರತೆ ಇರಬಹುದು. ಮಲೆನಾಡಿನ ಹುಳಿಮಣ್ಣಿನಲ್ಲಿ ಗಿಡಗಳಿಗೆ ರಂಜಕ ಸಿಗುವುದೇ ಕಡಿಮೆ. ದಿನಕ್ಕೆ 25ರಿಂದ 30 ಗ್ರಾಂ ಖನಿಜ ಮಿಶ್ರಣ, ಜೊತೆಗೆ ಉಪ್ಪು ಹಿಂಡಿಯಲ್ಲೇ ಕಲಸಿ ಕೊಡಿ. ಜೌಗು ಗದ್ದೆಯಲ್ಲಿ ಮೇಯುವ ದನಗಳಿಗೆ ಬಸವನಹುಳದಿಂದ ಲಿವರ್ ಹುಳ ತಗಲುತ್ತದೆ. ಹಿಂಡಿ ಶುರು ಮಾಡುವ ಮುಂಚೆ ಪಶುವೈದ್ಯರಿಗೆ ಸಗಣಿ ತೋರಿಸಿ ಔಷಧಿ ಹಾಕಿಸಿ. ಇಲ್ಲವಾದರೆ ನೀವು ಸಾಕುವುದು ಹುಳವನ್ನೇ.

ಮಿಶ್ರತಳಿ ಕಡಸು 250 ಕಿಲೋ ಆಸುಪಾಸು ಬಂದಾಗ ಗರ್ಭಧಾರಣೆ ಮಾಡಿಸಬಹುದು. ವಯಸ್ಸಾಯಿತು ಅಂತ ಅವಸರ ಬೇಡ.

ಮಳೆ ಬಿದ್ದು ಎಳೆಹುಲ್ಲು ಬಂದ ಮೇಲೆ ಲೆಕ್ಕ ತಿರುಗುತ್ತದೆ. ಆಗ ಹುಲ್ಲಿನಲ್ಲಿ ಪ್ರೋಟೀನ್ ಇರುತ್ತದೆ, ನೀರೂ ಜಾಸ್ತಿ. ಹಿಂಡಿ ಇಳಿಸಿ, ಮೇಯಲು ಬಿಡುವ ಮುಂಚೆ ಒಂದು ಕಟ್ಟು ಒಣಹುಲ್ಲು ಹಾಕಿ. ಖನಿಜ ಮಿಶ್ರಣ ಮಾತ್ರ ನಿಲ್ಲಿಸಬೇಡಿ.