ಮುಚ್ಚಿದ ಗೋಡೆಯ ಒಳಗೆ ಏನಿದೆ ಎಂದು ನೋಡುವ ಕೆಲಸ: ನನ್ನ ಅನುಭವ

ಅಮೆರಿಕದ ಮಿಡ್‌ವೆಸ್ಟ್‌ನ ಒಂದು ರಾಜ್ಯದಲ್ಲಿ ವೆದರೈಸೇಷನ್ ಯೋಜನೆಯ ತಪಾಸಣೆ ನನ್ನ ಉದ್ಯೋಗ. ಕಡಿಮೆ ಆದಾಯದವರ ಮನೆಗಳಲ್ಲಿ ಗಾಳಿ ಸೋರುವ ಬಿರುಕು ಮುಚ್ಚುವುದು, ಅಟ್ಟಕ್ಕೂ ಗೋಡೆಗೂ ಇನ್ಸುಲೇಷನ್ (ಬಿಸಿ ಹೊರಹೋಗದಂತೆ ತಡೆಯುವ ವಸ್ತು) ತುಂಬುವುದು, ಮನೆ ಬಿಸಿ ಮಾಡುವ ಫರ್ನೇಸ್ ಕೆಟ್ಟಿದ್ದರೆ ಸರಿಮಾಡುವುದು, ಇವೆಲ್ಲ ಸರ್ಕಾರದ ಖರ್ಚಿನಲ್ಲಿ ನಡೆಯುತ್ತವೆ. 1976ರ ಕಾಯ್ದೆಯಿಂದ ಶುರುವಾದ ಯೋಜನೆ ಇದು. ಆದಾಯ ಬಡತನ ರೇಖೆಯ 200% ಒಳಗಿದ್ದರೆ ಅರ್ಜಿ ಹಾಕಬಹುದು. ಹಣ ಫೆಡರಲ್ ಇಂಧನ ಇಲಾಖೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಸ್ಥಳೀಯ ಏಜೆನ್ಸಿಗೆ, ಅಲ್ಲಿಂದ ಹೆಚ್ಚಾಗಿ ಕಾಂಟ್ರಾಕ್ಟರ್‌ಗೆ ಹೋಗುತ್ತದೆ.

ಇಷ್ಟು ಕೈ ದಾಟಿ ಬರುವ ಹಣಕ್ಕೆ ಲೆಕ್ಕ ಕೇಳಲೇಬೇಕು. ಅದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಇನ್ನೊಂದು ತೊಡಕಿದೆ. ಮಾಡಿದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಗೋಡೆಗೆ ತೂತು ಕೊರೆದು, ಸೆಲ್ಯುಲೋಸ್ (ಕಾಗದದ ಚೂರಿನಿಂದ ಮಾಡಿದ ಇನ್ಸುಲೇಷನ್) ಊದಿ, ತೂತು ಮುಚ್ಚಿಬಿಟ್ಟರೆ ಒಳಗೆ ತುಂಬಿದ್ದಾರೋ ಇಲ್ಲವೋ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಅನುಮಾನ ಬಂದರೂ ಬಾಯಿ ಬಿಡುವವರು ಕಮ್ಮಿ. ಪುಕ್ಕಟೆ ಮಾಡಿಕೊಟ್ಟವರನ್ನು ಪ್ರಶ್ನಿಸುವುದು ಹೇಗೆ ಎಂಬ ಸಂಕೋಚ ಅವರಿಗೆ. ಅವರ ಪರವಾಗಿ ಪ್ರಶ್ನೆ ಕೇಳುವವರು ನಾವೇ ಆಗಬೇಕು.

ಕಾವಲು ಸಡಿಲವಾದರೆ ಏನಾಗುತ್ತದೆ ಎನ್ನುವುದಕ್ಕೆ ದಾಖಲೆ ಇದೆ. 2009ರಲ್ಲಿ ಆರ್ಥಿಕ ಚೇತರಿಕೆಗಾಗಿ ಈ ಯೋಜನೆಗೆ ಒಮ್ಮೆಲೇ ಸುಮಾರು 500 ಕೋಟಿ ಡಾಲರ್ ಬಂತು. ಮರುವರ್ಷ ಇಂಧನ ಇಲಾಖೆಯದೇ ತನಿಖಾ ವಿಭಾಗವಾದ ಇನ್ಸ್‌ಪೆಕ್ಟರ್ ಜನರಲ್ ಕಚೇರಿಯವರು ಇಲಿನಾಯ್ ರಾಜ್ಯದಲ್ಲಿ 15 ಮನೆ ನೋಡಿದರು. 12 ಮನೆ ತಪಾಸಣೆಯಲ್ಲಿ ಫೇಲಾದವು. ಆಮೇಲೆ ನಿಯಮ ಬಿಗಿಯಾಯಿತು. 2015ರಿಂದ, ಪ್ರಮಾಣಪತ್ರ ಪಡೆದ ಇನ್ಸ್‌ಪೆಕ್ಟರ್ ನೋಡದೆ ಒಂದು ಮನೆಯನ್ನೂ 'ಮುಗಿದಿದೆ' ಎಂದು ತೋರಿಸುವಂತಿಲ್ಲ. ಅದರ ಮೇಲೆ ರಾಜ್ಯದವರು ಕನಿಷ್ಠ 5% ಮನೆಗಳನ್ನು ಮತ್ತೆ ನೋಡಬೇಕು. ಮನೆಗೆ ಏನೇನು ಕೆಲಸ ಬೇಕು ಎಂದು ಮೊದಲು ಆಡಿಟ್ ಮಾಡಿದವರೇ ಕೊನೆಯ ತಪಾಸಣೆಯನ್ನೂ ಮಾಡಿದ್ದರೆ 10%. ನಾನು ಆ ಎರಡನೇ ಸುತ್ತಿನವನು.

ಯಾವ ಮನೆ ನೋಡಬೇಕು ಎಂದು ಏಜೆನ್ಸಿಯವರು ಹೇಳುವಂತಿಲ್ಲ, ಪಟ್ಟಿಯಿಂದ ನಾನೇ ಆರಿಸುತ್ತೇನೆ. ಪ್ರತಿ ಕಾಂಟ್ರಾಕ್ಟರ್‌ನ ಕೆಲಸವೂ ಅದರಲ್ಲಿ ಬರಬೇಕು. ಹೊರಡುವ ಮೊದಲು ಬಿಲ್ ಮತ್ತು ಚೀಲದ ಲೆಕ್ಕ ತಾಳೆ ನೋಡುತ್ತೇನೆ. ಸೆಲ್ಯುಲೋಸ್ ಚೀಲದ ಮೇಲೆಯೇ ಒಂದು ಚೀಲ ಎಷ್ಟು ಚದರ ಅಡಿಗೆ ಸಾಕು ಎಂದು ಅಚ್ಚು ಹಾಕಿರುತ್ತಾರೆ. ಅಟ್ಟದ ಅಳತೆ ಗೊತ್ತಿದ್ದರೆ ಎಷ್ಟು ಚೀಲ ಬೇಕಿತ್ತು ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅಟ್ಟ ಹತ್ತಿ ಸ್ಕೇಲು ಇಟ್ಟು ದಪ್ಪ ಅಳೆದರೆ ಸಾಲದು. ಗಾಳಿ ಜಾಸ್ತಿ ಬೆರೆಸಿ ಊದಿದರೆ ಮೊದಲ ವಾರ ಎತ್ತರವಾಗಿ ಕಾಣುತ್ತದೆ, ಆಮೇಲೆ ಕುಸಿಯುತ್ತದೆ. ಚೀಲದ ಲೆಕ್ಕ ಇರುವುದೇ ಇದಕ್ಕೆ.

ಮನೆಯಲ್ಲಿ ಮೊದಲು ಬ್ಲೋವರ್ ಡೋರ್ ಕಟ್ಟುತ್ತೇನೆ. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿ ಹೊರಗೆಳೆದು, ಹೊರಗಿಗಿಂತ ಒಳಗೆ 50 ಪ್ಯಾಸ್ಕಲ್ ಒತ್ತಡ ಕಡಿಮೆ ಮಾಡುವುದು. ಫ್ಯಾನ್ ಎಷ್ಟು ಗಾಳಿ ಎಳೆಯುತ್ತಿದೆಯೋ ಅಷ್ಟು ಮನೆ ಸೋರುತ್ತಿದೆ ಎಂದರ್ಥ. ಫ್ಯಾನ್ ಓಡುತ್ತಿರುವಾಗಲೇ ಇನ್ಫ್ರಾರೆಡ್ ಕ್ಯಾಮೆರಾ ಹಿಡಿದು ಕೋಣೆ ಕೋಣೆ ಸುತ್ತುತ್ತೇನೆ. ತುಂಬದೆ ಬಿಟ್ಟ ಗೋಡೆ ಚಳಿಗಾಲದಲ್ಲಿ ತೆರೆಯ ಮೇಲೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ.

ಮನೆಯವರನ್ನು 'ಕೆಲಸ ಚೆನ್ನಾಗಿದೆಯಾ' ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹಾಗಾಗಿ 'ಯಾವ ಕೋಣೆಯಲ್ಲಿ ಕಾಲು ತಣ್ಣಗಾಗುತ್ತದೆ' ಎಂದು ಕೇಳುತ್ತೇನೆ. ರಾತ್ರಿ ಪಾಳಿ ಕೆಲಸ ಮಾಡುವ ಒಬ್ಬ ತಾಯಿ ಯೋಚಿಸದೆ ಮಗನ ಕೋಣೆ ತೋರಿಸಿದರು. ಫೈಲಿನಲ್ಲಿ ನಾಲ್ಕೂ ಕಡೆಯ ಗೋಡೆ ತುಂಬಿದ್ದಾಗಿ ಬರೆದಿತ್ತು. ಕ್ಯಾಮೆರಾದಲ್ಲಿ ಉತ್ತರದ ಗೋಡೆ ಪೂರ್ತಿ ಖಾಲಿ. ಆ ಹುಡುಗ ಮಲಗುತ್ತಿದ್ದದ್ದು ಅದೇ ಗೋಡೆಯ ಪಕ್ಕ. ನನಗೆ ನಿಜವಾಗಿಯೂ ಸಿಟ್ಟು ಬಂತು. ಚಿತ್ರ ತೆಗೆದು ವರದಿಗೆ ಸೇರಿಸಿದೆ. ಕಾಂಟ್ರಾಕ್ಟರ್ ತನ್ನ ಖರ್ಚಿನಲ್ಲಿ ವಾಪಸ್ ಬಂದು ತುಂಬಿದ ಮೇಲೆ ನಾನೇ ಮತ್ತೆ ಹೋಗಿ ನೋಡಿದೆ. ಫೋಟೊ ಕಳಿಸುತ್ತೇವೆ, ಸಾಕಲ್ಲ ಎಂದು ಕಾಂಟ್ರಾಕ್ಟರ್ ಕಡೆಯವರು ಹೇಳಿದ್ದರು. ಇಂಥ ವಿಷಯದಲ್ಲಿ ಫೋಟೊ ಸಾಲದು.

ಯಾಕೆ ಇಷ್ಟು ಹಟ ಎಂದರೆ, ಒಮ್ಮೆ ಈ ಯೋಜನೆಯಲ್ಲಿ ಕೆಲಸವಾದ ಮನೆಗೆ ಸಾಮಾನ್ಯವಾಗಿ 15 ವರ್ಷ ಮತ್ತೆ ಅವಕಾಶವಿಲ್ಲ. ಕೆಟ್ಟ ಕೆಲಸದ ಮೇಲೆ ಫೈಲ್ ಮುಚ್ಚಿದರೆ ಆ ಹುಡುಗ ದೊಡ್ಡವನಾಗಿ ಮನೆ ಬಿಡುವ ತನಕ ಅದೇ ಚಳಿ.

ಬಿಲ್ಲಿಗಿಂತ ಹೆಚ್ಚು ಹೊತ್ತು ನಾನು ಕಳೆಯುವುದು ಗ್ಯಾಸ್‌ನಿಂದ ಉರಿಯುವ ವಾಟರ್ ಹೀಟರ್ ಮುಂದೆ. ಬಿರುಕು ಮುಚ್ಚಿದಷ್ಟೂ ಮನೆಯೊಳಗೆ ಹೊಸ ಗಾಳಿ ಬರುವುದು ಕಡಿಮೆಯಾಗುತ್ತದೆ. ಆಗ ಹೊಗೆ ಕೊಳವೆಯಲ್ಲಿ ಮೇಲೆ ಹೋಗಬೇಕಾದ ಅನಿಲ ಮನೆಯೊಳಕ್ಕೇ ತಿರುಗಬಹುದು. ಅದರಲ್ಲಿರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಕಿಟಕಿ ಬಾಗಿಲು ಹಾಕಿ, ಬಾತ್‌ರೂಮ್ ಫ್ಯಾನ್, ಅಡುಗೆಮನೆ ಫ್ಯಾನ್, ಬಟ್ಟೆ ಒಣಗಿಸುವ ಡ್ರೈಯರ್ ಎಲ್ಲ ಒಟ್ಟಿಗೆ ಓಡಿಸಿ, ಹೀಟರ್ ಹೊತ್ತಿಸಿ ಹೊಗೆ ಎತ್ತ ಹೋಗುತ್ತದೆ ಎಂದು ನೋಡಬೇಕು. ಫೈಲಿನಲ್ಲಿ 'ಪಾಸ್' ಎಂದಿದ್ದರೂ ನಾನು ಇದನ್ನು ಬಿಡುವುದಿಲ್ಲ. ಇಂಧನದ ಬಿಲ್ ಉಳಿಸಲು ಹೋಗಿ ಜೀವಕ್ಕೆ ಅಪಾಯ ತರಬಾರದು, ಅಲ್ವಾ?

ಇನ್ನೊಂದು ಪಟ್ಟಿಯನ್ನೂ ಕೇಳಿ ತರಿಸಿಕೊಳ್ಳುತ್ತೇನೆ: ಕೆಲಸ ಮಾಡದೆ ಬಿಟ್ಟ ಮನೆಗಳದ್ದು. ಸೂರು ಸೋರುತ್ತಿದ್ದರೆ, ಬೂಷ್ಟು ಹಿಡಿದಿದ್ದರೆ, ಹಳೇ ಕಾಲದ ಅಪಾಯದ ವೈರಿಂಗ್ ಇದ್ದರೆ ಏಜೆನ್ಸಿ ಮನೆಯನ್ನು ಮುಂದೂಡಬಹುದು. ಕಾರಣ ಏನು, ಏನು ಸರಿಯಾದರೆ ಮತ್ತೆ ಬರುತ್ತೇವೆ ಎಂದು ಬರೆದು ಕೊಡಬೇಕು. ತೀರಾ ಹದಗೆಟ್ಟ ಮನೆಯಲ್ಲಿರುವವರೇ ಹೀಗೆ ಹೊರಗುಳಿಯುತ್ತಾರೆ. ಇಂಥ ಮನೆಗಳನ್ನು ಮೊದಲು ರಿಪೇರಿ ಮಾಡಲೆಂದೇ ಇಂಧನ ಇಲಾಖೆ ಈಗ ಪ್ರತ್ಯೇಕ ನಿಧಿ ಕೊಡುತ್ತದೆ. ಒಂದು ಏಜೆನ್ಸಿಯಲ್ಲಿ ಮುಂದೂಡಿದ ಫೈಲುಗಳನ್ನು ತೆರೆದಾಗ ಹಲವರಿಗೆ ಪತ್ರವೇ ಹೋಗಿರಲಿಲ್ಲ. ಅದನ್ನು ವರದಿಯಲ್ಲಿ ಬರೆದೆ. ಅವರು ಆ ಮನೆಗಳಿಗೆಲ್ಲ ಪತ್ರ ಕಳಿಸಿದರು. ಸೋರುವ ಸೂರಿನ ಮನೆಗಳನ್ನು ಆ ನಿಧಿಯ ಪಟ್ಟಿಗೆ ಸೇರಿಸಿ, ಅರ್ಜಿಗಳನ್ನು ಮತ್ತೆ ತೆರೆದರು.